ಸಾಯಬೇಕಾದ ಗಿಡಗಳು

ಒಂದು ಗಿಡವೂ ಸತ್ತಿಲ್ಲದ್ದನ್ನು ಕಂಡು ಕೃಷಿ ಇಲಾಖೆಯ ಹಿರಿಯಣ್ಣ ಗಾಬರಿಯಿಂದ ಸಾಲುಸಾಲನ್ನೂ ನೋಡಿ ಬಂದ. ಜನ್ನಾಪುರದ ಆ ತುಂಡು ಹೊಲಕ್ಕೆ ಊರೂರಿನ ಕೊಳೆತ ಬೇರು ಹೊತ್ತು ತಂದು ಹೂತು, ಮಣ್ಣಿಗೆ ಬೇಕೆಂದೇ ಬೇರುಕೊಳೆ ರೋಗ ಹತ್ತಿಸಿದವನು ಅವನೇ. ಅದರಲ್ಲಿ ಸಾಲಿಗೊಂದರಂತೆ ಇಪ್ಪತ್ತು ತಳಿಯ ಮೆಣಸಿನ ಗಿಡ ನೆಟ್ಟಿದ್ದ. ಸಾಯುವವು ಸಾಯಲಿ, ಬದುಕಿದ ತಳಿಯ ಬೀಜ ರೈತರಿಗೆ. ಮೂರು ವರ್ಷ ಯಾವುದೂ ಬದುಕಿರಲಿಲ್ಲ. ಈ ಸಲವೂ ಹಾಗೇ ಆದರೆ ಪ್ರಯೋಗಕ್ಕೆ ಬಾಗಿಲು ಹಾಕುತ್ತೇವೆ ಎಂದು ಮೇಲಿನವರು ಹೇಳಿದ್ದರು. ಮಲೇರಿಯಾ ಹಿಡಿದು ಶಿವಮೊಗ್ಗದಲ್ಲಿ ಮಲಗಿದ್ದವನು ಇವತ್ತು ಬೆಳಿಗ್ಗೆ ಬಂದು ನೋಡಿದರೆ, ಅಷ್ಟೂ ಸಾಲು ಮದುವೆ ದಿಬ್ಬಣದಂತೆ ನಳನಳಿಸುತ್ತಿವೆ.

"ಏನಮ್ಮಾ ಇದು?"

ಹೊಲದೊಡತಿ ಜಗದಾಂಬಾ ಸೆರಗಿಗೆ ಕೈ ಒರೆಸಿಕೊಂಡಳು. "ಎಲ್ಲಾ ಒಣಗಿ ನಿಂತಿದ್ವು. ಈ ದಾರೀಲಿ ಕಾರ್ಖಾನೆಗೆ ಹೋಗೋರೆಲ್ಲ, 'ಯಾರ ಕಣ್ಣು ಬಿತ್ತು ಜಗದಾಂಬಮ್ಮ' ಅಂತ ಲೊಚಗುಟ್ಟೋರು. ನಿಮ್ಮ ಸಾಹೇಬ್ರು ಬೇರೆ ಬರ್ತಾರೆ ಅಂದ್ರು. ನಿನ್ನೆ ಸಂಜೆ ಸತ್ತಿದ್ದನ್ನೆಲ್ಲ ಕಿತ್ತು, ಹಿತ್ತಿಲಿಂದ ನಮ್ಮ ಗಿಡ ತಂದು ನೆಟ್ಟೆ."

"ಎಲ್ಲವೂ ಸತ್ತಿದ್ವಾ?"

"ಒಂದು ಸಾಲು ಚೆನ್ನಾಗೇ ಇತ್ತು. ಅದನ್ನ ಬಿಟ್ಟೆ."

"ಯಾವುದು?"

"ನಂಗೇನು ಗೊತ್ತು ಮಾರಾಯ್ರೆ? ಕತ್ತಲಾಗಿತ್ತು. ಈಗ ಎಲ್ಲಾ ಒಂದೇ ಥರ ಇದಾವಲ್ಲ, ನೋಡೋಕೆ ಚೆಂದ!"

ಅಷ್ಟರಲ್ಲಿ ಸಾಹೇಬರ ಜಟಕಾ ಬಂತು. ಅವರು ಬೂಟಿಗೆ ಮಣ್ಣು ತಾಗದಂತೆ ಬದುವಿನ ಮೇಲೇ ನಿಂತು ಅಪ್ಪಣೆ ಕೊಡಿಸಿದರು: "ಶಹಬಾಸ್! ಇಪ್ಪತ್ತೂ ಗೆದ್ದಿವೆ. ಎಲ್ಲದರ ಬೀಜವನ್ನೂ ಜಿಲ್ಲೆಗೆಲ್ಲ ಹಂಚಿ."

"ಸಾರ್, ಇವು ಸಾಯಬೇಕಾಗಿತ್ತು," ಎಂದ ಹಿರಿಯಣ್ಣ.

"ಬಿಡ್ತು ಅನ್ನಿ!" ಜಗದಾಂಬಾ ಗದರಿದಳು. "ಹಚ್ಚಗಿರೋ ಬೆಳೆ ಮುಂದೆ ಆಡೋ ಮಾತಾ ಇದು?"

"ಇವರಿಗೆ ಇನ್ನೂ ಜ್ವರ ಇಳಿದಿಲ್ಲ," ಎಂದು ಸಾಹೇಬರು ನಕ್ಕು, ಮಹಾರಾಜರ ಸರ್ಕಾರಕ್ಕೆ ರೈತರ ಮೇಲಿರುವ ಪ್ರೀತಿಯನ್ನು ಕುರಿತು ಭಾಷಣಕ್ಕಿಳಿದರು. ಜಟಕಾದ ಕುದುರೆಯೂ ಸೇರಿ ನಾಲ್ಕು ಜನ ಕೇಳುಗರು.

ಭಾಷಣ ಮುಗಿಯುವ ಮೊದಲೇ ಬಿಸಿಲು ನೆತ್ತಿಗೇರಿತು. ನಿನ್ನೆ ನೆಟ್ಟ ಗಿಡಗಳು ಒಂದೊಂದಾಗಿ ತಲೆ ಬಾಗಿಸತೊಡಗಿದವು. ಸಾಹೇಬರ ಮಾತು ಅರ್ಧಕ್ಕೇ ನಿಂತಿತು.

"ದೊಡ್ಡೋರು ಬಂದಿದಾರಲ್ಲ ಸ್ವಾಮಿ," ಎಂದಳು ಜಗದಾಂಬಾ ಥಟ್ಟನೆ, "ನಮಸ್ಕಾರ ಮಾಡ್ತಿದಾವೆ."

ಹಿರಿಯಣ್ಣ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನಾಗಲೇ ಹೊಲಕ್ಕಿಳಿದು ಓಡುತ್ತಿದ್ದ. ಬಾವಿಯ ಕಡೆಯ ಒಂದೇ ಒಂದು ಸಾಲು, ಸಾಹೇಬರಿಗೆ ಎಳ್ಳಷ್ಟೂ ಮರ್ಯಾದೆ ಕೊಡದೆ, ಸೆಟೆದು ನಿಂತಿತ್ತು.