ಫೋರ್ಕ್ ಇಟ್ಟ ಮೇಜು

ಮೋತ್ರಿಯಾ ಮೇಜಿನುದ್ದಕ್ಕೂ ತಟ್ಟೆಗೊಂದರಂತೆ ಫೋರ್ಕ್ ಇಡುತ್ತ ಹೋದಳು. ಅವಳ ಹಿಂದೆಯೇ ಕ್ಯಾಂಟೀನಿನ ಅಡುಗೆಯವಳು ಪಲಾಜ್ಕಾ ಅವನ್ನು ಒಂದೊಂದಾಗಿ ಎತ್ತಿ ಏಪ್ರನ್ ಜೇಬಿಗೆ ಹಾಕಿಕೊಳ್ಳುತ್ತ ಬಂದಳು. ಮೇಜಿನ ತುದಿ ತಲುಪಿ ಮೋತ್ರಿಯಾ ತಿರುಗಿ ನೋಡಿದಳು.

“ಜೇಬು ಖಾಲಿ ಮಾಡೇ, ಪಲಾಜ್ಕಾ.”

“ಮಾಡಲ್ಲ. ಸಾವಿನ ಊಟಕ್ಕೆ ಯಾರಾದ್ರೂ ಫೋರ್ಕ್ ಇಡ್ತಾರೇನೇ? ನಿಮ್ಮಮ್ಮನ ಊಟಕ್ಕೆ ನೀನೇ ಇಟ್ಟಿದ್ಯಾ?”

“ಅವತ್ತು ಅಮ್ಮ ಸತ್ತಿದ್ಲು. ಇವತ್ತು ಯಾರು ಸತ್ತಿದಾರೆ?”

ಪಲಾಜ್ಕಾ ಜೇಬಿನ ಮೇಲೆ ಕೈ ಒತ್ತಿ ಹಿಡಿದಳು.

ನಮ್ಮ ಕಡೆ ಸಾವಿನ ಊಟಕ್ಕೆ ಚಮಚ ಮಾತ್ರ. ಹೋದವನ ಜೀವವೂ ಬಂದು ಮೇಜಿಗೆ ಕೂತಿರುತ್ತದೆ, ಚೂಪಾದದ್ದೇನಾದರೂ ಇದ್ದರೆ ಅದಕ್ಕೆ ಚುಚ್ಚುತ್ತದೆ ಎನ್ನುತ್ತಾರೆ. ಹಿಂದೆಲ್ಲ ಈ ಕ್ಯಾಂಟೀನಿನಲ್ಲಿ ಮದುವೆ ಊಟಗಳೂ ಆಗುತ್ತಿದ್ದವು. ಯುದ್ಧ ಬಂದಮೇಲೆ ಫೋರ್ಕುಗಳು ಡಬ್ಬಿಯ ತಳ ಸೇರಿದ್ದವು. ಮೋತ್ರಿಯಾ ಬೆಳಿಗ್ಗೆಯೇ ಬಂದು ಅವನ್ನೆಲ್ಲ ಹುಡುಕಿ ತೆಗೆದು, ಸೋಡಾ ಹಾಕಿ ತಿಕ್ಕಿದ್ದಳು. ಅವಳ ಮಗ ಲೆವ್ಕೊನ ಶವಪೆಟ್ಟಿಗೆ ಊರಿಗೆ ಬಂದಾಗ ಇಡೀ ಊರು ರಸ್ತೆಯ ಎರಡೂ ಬದಿ ಮಂಡಿಯೂರಿತ್ತು. ತಾಯಿ ಮಾತ್ರ ಇಲ್ಲಿ ಹಿಟ್ಟು ಲಟ್ಟಿಸುತ್ತಿದ್ದಳು. ಪೆಟ್ಟಿಗೆ ತೆರೆಯುವ ಹಾಗಿಲ್ಲ ಎಂದು ಸೈನ್ಯದವರು ಹೇಳಿದ್ದರು. ಮುಖ ತೋರಿಸದೆ ನಿನ್ನ ಮಗ ಎಂದರೆ ಯಾವ ತಾಯಿ ನಂಬುತ್ತಾಳೆ?

“ಯಾರ ಮಗನೋ ಪಾಪ,” ಎಂದಳು ಮೋತ್ರಿಯಾ ಅಡುಗೆಮನೆಗೆ ಬಂದು, ಮತ್ತೆ ವರೆನಿಕಿ ಕಡುಬುಗಳ ಮುಂದೆ ಕೂತು. “ಅವನ ತಾಯಿಗೆ ಗೊತ್ತೂ ಇಲ್ಲ. ಊರವರು ಮಣ್ಣು ಮಾಡ್ಲಿ, ಒಳ್ಳೇದೇ. ನನ್ ಲೆವ್ಕೊ ಬಂದಾಗ ಬರ್ತಾನೆ.”

ಪಲಾಜ್ಕಾಳಿಗೆ ಸಮಾಧಾನ ಹೇಳಲು ಬರುವುದಿಲ್ಲ. ಬೈಯಲು ಬರುತ್ತದೆ.

“ನೋಡೇ ಅಲ್ಲಿ, ಚೆರ್ರಿ ರಸ ಎಲ್ಲಾ ಸೋರ್ತಿದೆ! ಹೂರಣಕ್ಕೆ ಚಿಟಿಕೆ ರವೆ ಉದುರಿಸು ಅಂತ ಎಷ್ಟು ಸಲ ಬಡ್ಕೊಂಡಿದೀನಿ? ತಲೆ ನರೀತು, ವರೆನಿಕಿ ಮಾಡೋದು ಕಲೀಲಿಲ್ಲ ನೀನು.”

“ರವೆ ಹಾಕಿದ್ರೆ ರಸ ಎಲ್ಲಿ ಚಿಮ್ಮುತ್ತೆ? ಅವನಿಗೆ ಚಿಮ್ಮಬೇಕು. ಫೋರ್ಕಲ್ಲಿ ಚುಚ್ಚಿ, ಅಂಗಿ ಮೇಲೆಲ್ಲ ಹಾರಿಸ್ಕೊಂಡು ನನ್ ಕೈಲಿ ಬೈಸ್ಕೋಬೇಕು. ಚಮಚದಲ್ಲಿ ಕೊಟ್ರೆ ಮುಟ್ಟಲ್ಲ ಅವನು.”

ಸ್ಮಶಾನದ ಕಡೆಯಿಂದ ಗೌರವದ ಗುಂಡು ಹಾರಿಸಿದ ಸದ್ದು ಬಂತು. ಕಿಟಕಿಯ ಗಾಜು ಅದುರಿತು. ಕಡುಬಿನ ಅಂಚು ಒತ್ತುತ್ತಿದ್ದ ಮೋತ್ರಿಯಾಳ ಬೆರಳುಗಳು ನಿಲ್ಲಲಿಲ್ಲ. ಪಲಾಜ್ಕಾ ಅವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಹೊರಗೆ ಹೋಗಿ, ಜೇಬಿನಲ್ಲಿದ್ದ ಫೋರ್ಕುಗಳನ್ನೆಲ್ಲ ಮತ್ತೆ ತಟ್ಟೆಗಳ ಪಕ್ಕ ಇಟ್ಟಳು. ಚಮಚಗಳು ಒಳಗೇ ಇದ್ದವು. ಬೋರ್ಷ್ ಸಾರು ಬಡಿಸುವಾಗ ಕೊಟ್ಟರಾಯಿತು ಎಂದು ಮೋತ್ರಿಯಾ ಮೊದಲೇ ಎತ್ತಿಟ್ಟಿದ್ದಳು.

ಮಣ್ಣು ಮಾಡಿ ಬಂದ ಜನ ಬಾಗಿಲಲ್ಲಿಟ್ಟ ಬಕೆಟ್ಟಿನ ನೀರಲ್ಲಿ ಕೈ ತೊಳೆದರು. ಪಲಾಜ್ಕಾ ಸೌಟು ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

“ತಟ್ಟೆ ಪಕ್ಕ ಏನಿದ್ಯೋ ಅದ್ರಲ್ಲೇ ತಿನ್ನಿ,” ಎಂದು ಒಬ್ಬೊಬ್ಬರ ಕಿವಿಯಲ್ಲೂ ಹೇಳಿದಳು. “ಯಾಕೆ ಏನು ಅಂತ ಯಾರಾದ್ರೂ ಕೇಳಿದ್ರೋ, ಇದೇ ಸೌಟಲ್ಲಿ ಕೊಡ್ತೀನಿ.”

ಯಾರೂ ಕೇಳಲಿಲ್ಲ. ಮೊದಲು ಬಂದದ್ದು ಕೋಲಿವೊ. ಬೇಯಿಸಿದ ಗೋಧಿಗೆ ಜೇನು ಕಲಸಿದ್ದು. ಹೋದವನ ಹೆಸರಿನಲ್ಲಿ ಎಲ್ಲರೂ ಮೊದಲು ಬಾಯಿಗಿಡಬೇಕಾದದ್ದು ಅದನ್ನೇ. ಜನ ಫೋರ್ಕ್ ಎತ್ತಿಕೊಂಡರು. ಗೋಧಿ ಫೋರ್ಕಿನ ಹಲ್ಲುಗಳ ಸಂದಿಯಲ್ಲಿ ಜಾರಿತು, ಜೇನು ಮೇಜಿನ ಬಟ್ಟೆಗೆ ತೊಟ್ಟಿಕ್ಕಿತು. ದೊಡ್ಡ ದೊಡ್ಡ ಗಂಡಸರು ಬಗ್ಗಿ ಕೂತು ಕಾಳು ಹೆಕ್ಕುತ್ತಿದ್ದರು. ನೋಡಿದರೆ ನಗು ಬರಬೇಕು. ಯಾರಿಗೂ ಬರಲಿಲ್ಲ.

ಮೇಜಿನ ತುದಿಯಲ್ಲಿ ಒನೀಸ್ಯಾ ಅಜ್ಜಿ ಕೂತಿದ್ದಳು. ಕಳೆದ ಚಳಿಗಾಲದಲ್ಲಿ ಅವಳ ಮಗನೂ ಹೀಗೇ ಮುಚ್ಚಿದ ಪೆಟ್ಟಿಗೆಯಲ್ಲಿ ಬಂದಿದ್ದ. ಆಮೇಲಿಂದ ಅವಳ ಕೈ ನಡುಗುತ್ತದೆ. ಫೋರ್ಕ್ ಬಾಯಿಗೆ ಬರುವಷ್ಟರಲ್ಲಿ ಖಾಲಿ. ಮಡಿಲಿಗೆ ಬಿದ್ದ ಕಾಳುಗಳನ್ನು ತಟ್ಟೆಗೆ ಹಾಕಿಕೊಂಡು ಮತ್ತೆ ಎತ್ತಿದಳು. ಮತ್ತೆ ಬಿದ್ದವು. ಬಿಟ್ಟುಬಿಡು ಅಜ್ಜಿ ಎಂದು ಪಕ್ಕದವರು ಮೊಣಕೈಯಿಂದ ತಿವಿದರೂ ಕೇಳಲಿಲ್ಲ.

ಮೋತ್ರಿಯಾ ವರೆನಿಕಿಯ ದೊಡ್ಡ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದವಳು ಅಲ್ಲೇ ನಿಂತಳು. ಅಜ್ಜಿ ಅವಳನ್ನು ನೋಡಿ ನಗಲು ಪ್ರಯತ್ನಿಸಿದಳು. “ಚೆನ್ನಾಗಿದೆ ಮಗಳೇ,” ಎಂದಳು. ಒಂದು ಕಾಳೂ ಅವಳ ಬಾಯಿ ಸೇರಿರಲಿಲ್ಲ.

ಮೋತ್ರಿಯಾ ಸಾಲಾಗಿ ಕೂತ ಜನರನ್ನೆಲ್ಲ ನೋಡಿದಳು. ಎಲ್ಲರೂ ತಲೆ ತಗ್ಗಿಸಿ ಕಾಳು ಹೆಕ್ಕುತ್ತಲೇ ಇದ್ದರು. ಅವರ ಬೂಟುಗಳಿಗೆ ಹಸಿ ಮಣ್ಣು ಮೆತ್ತಿತ್ತು. ಅವಳು ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ಪಲಾಜ್ಕಾ ಹಿಂದೆ ಹೋಗಲು ಎರಡು ಹೆಜ್ಜೆ ಇಟ್ಟಿದ್ದಳು, ಅಷ್ಟರಲ್ಲಿ ಅವಳೇ ಹೊರಗೆ ಬಂದಳು. ಕೈಯಲ್ಲಿ ಒಂದು ಚಮಚವಿತ್ತು. ಅದನ್ನು ಏಪ್ರನ್ನಿನ ಅಂಚಿನಿಂದ ಒರೆಸಿ, ಅಜ್ಜಿಯ ನಡುಗುವ ಬೆರಳುಗಳಿಂದ ಫೋರ್ಕ್ ಬಿಡಿಸಿಕೊಂಡಳು.

“ಇದ್ರಲ್ಲಿ ತಿನ್ನಿ ಅಜ್ಜಿ,” ಎಂದಳು. “ಅದು ನಮ್ ಲೆವ್ಕೊಗೆ ಚುಚ್ಚುತ್ತೆ.”