ಖಾಲಿ ಸ್ಲಾಟ್

ಮದುವೆಯ ಸೀಸನ್ನು. ಲಗ್ನಪತ್ರಿಕೆ ಮಾಡಿಸಲು ಬಂದವರು ಡಿಟಿಪಿ ಅಂಗಡಿಯಲ್ಲಿ ಕಾದು ಕಾದು ಸಿಡಿಮಿಡಿಗೊಂಡಿದ್ದರು. ಮಾಲೀಕನ ಸಿಟ್ಟೆಲ್ಲ ಟೈಪ್ ಮಾಡುವ ವಾರಿಜಕ್ಕನ ಮೇಲೆ ತಿರುಗಿತು.

“ದಸರಾ ಆದಮೇಲಿಂದ ನಿಮ್ಮ ಕೈ ಓಡ್ತಾನೇ ಇಲ್ಲ ಕಣ್ರೀ.”

“ಕೈಯಲ್ಲ ಸಾರ್, ಕಂಪ್ಯೂಟರ್ರೇ ಹ್ಯಾಂಗ್ ಆಗ್ತಿದೆ.”

ಗಿರಾಕಿಗಳ ಬಾಯಿ ಮುಚ್ಚಿಸಲು ಮಾಲೀಕ ರಿಪೇರಿಯವನನ್ನು ಕರೆಸಿದ. “ಕಂಪನಿಯದ್ದೇ ಬೇಕಂತಿಲ್ಲ, ಬೇರೆ ಯಾವುದಾದ್ರೂ ಅಗ್ಗದ ರ‍್ಯಾಮು, ಎಸ್‌ಎಸ್‌ಡಿ ಹಾಕಪ್ಪ” ಎಂದ.

ಸಿಪಿಯು ಬಿಚ್ಚಿದವನು ಹುಬ್ಬು ಗಂಟಿಕ್ಕಿದ. “ನಾನು ಎರಡು ರ‍್ಯಾಮ್ ಹಾಕಿ ಕೊಟ್ಟಿದ್ನಲ್ಲ ಸಾರ್, ಈಗ ಒಂದೇ ಇದೆ. ಯಾರು ತೆಗೆದದ್ದು?”

ಗಿರಾಕಿಗಳ ಕಣ್ಣುಗಳೆಲ್ಲ ವಾರಿಜಕ್ಕನತ್ತ ಹೊರಳಿದವು. ಮಾಲೀಕ ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸತೊಡಗಿದ.

“ನಾನೇ” ಎಂದಳು ವಾರಿಜಕ್ಕ. “ಧೂಳು ಹೊಡೆಯೋವಾಗ ತೆಗೆದಿಟ್ಟಿದ್ದೆ, ಎಲ್ಲೋ ಕಳ್ದೋಯ್ತು.”

ಯಾರೋ ಲೊಚಗುಟ್ಟಿದರು. ಮಾಲೀಕ ತಲೆ ತಗ್ಗಿಸಿ, “ಹೋಗ್ಲಿ ಬಿಡಿ” ಎಂದು ಗೊಣಗಿದ.

ಹೊಸ ರ‍್ಯಾಮ್ ಕೂತಿತು, ಪತ್ರಿಕೆಗಳು ಸರಸರನೆ ಹೊರಬಿದ್ದವು, ಅಂಗಡಿ ಖಾಲಿಯಾಯಿತು. ವಾರಿಜಕ್ಕ ಪರದೆಯಿಂದ ಕಣ್ಣೆತ್ತದೆ ಕೇಳಿದಳು:

“ದಸರಾ ರಜೇಲಿ ಮಗನ ಗೇಮಿಗೆ ಅಂತ ಬಿಚ್ಕೊಂಡು ಹೋದ್ರಲ್ಲ, ಅದು ಚೆನ್ನಾಗಿ ಓಡ್ತಿದೆಯಾ ಸಾರ್?”