ಹಂಡೆಯ ಮೇಲಿನ ಹೆಸರು

ತಾಮ್ರಕ್ಕೆ ಹುಣಸೆಹಣ್ಣು ತಿಕ್ಕುವ ವಾಸನೆ ಬಂದರೆ ನನಗೆ ಇಂದಿಗೂ ಕಿತ್ತೂರಿನ ಮ್ಯೂಸಿಯಮ್ಮಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಲ್ಲಿದ್ದ ತಾಮ್ರದ ಹಂಡೆ ನಮ್ಮ ಆಯಿ, ಅಂದರೆ ಅಜ್ಜಿ, ತವರಿನಿಂದ ತಂದದ್ದು. ಮಗಳ ಮದುವೆಗೆಂದು ಕೇಳಿ ಒಯ್ದ ಊರ ಗೌಡ ಅದನ್ನು ಹಿಂದಿರುಗಿಸಲೇ ಇಲ್ಲ. ಮೇಲೆ ಕೆಂಪು ಬಣ್ಣದಲ್ಲಿ ತನ್ನ ಹೆಸರು ಬರೆಸಿ ಮ್ಯೂಸಿಯಮ್ಮಿಗೆ ದಾನ ಕೊಟ್ಟಿದ್ದ. ಆಯಿ ಆಗಾಗ ನನ್ನನ್ನು ಕರೆದೊಯ್ದು ಅದರ ಮುಂದೆ ಸುಮ್ಮನೆ ನಿಲ್ಲುತ್ತಿದ್ದಳು. ಕಾವಲಿಗಿದ್ದ ಶಾಂತಕ್ಕನಿಗೆ ಕತೆಯೆಲ್ಲ ಗೊತ್ತಿತ್ತು.

ಅಂದು ಶಾಂತಕ್ಕ ಅಡ್ಡ ಕಟ್ಟಿದ್ದ ಹಗ್ಗ ಬಿಚ್ಚಿದಳು. "ಹಂಡೆ ಭಾಳ ಕಪ್ಪಾಗೇತ್ರಿ ಆಯಿ, ನೀವೇ ತಿಕ್ಕಿ ಕೊಡ್ರಿ," ಎಂದು ಹುಣಸೆಹಣ್ಣು, ಇಟ್ಟಿಗೆ ಪುಡಿ ಕೊಟ್ಟಳು.

ಆಯಿ ಗೌಡನ ಹೆಸರಿನಿಂದಲೇ ಶುರು ಮಾಡಿದಳು.

"ಆಯಿ, ಹೆಸರು ಹೊಂಟೈತಿ," ಎಂದೆ.

"ಹೊಲಸು ಅದು. ಹೋಗಲಿ."

ಶಾಂತಕ್ಕ ಬಾಗಿಲ ಕಡೆ ಮುಖ ಮಾಡಿ ನಿಂತೇ ಕೇಳಿದಳು: "ಇನ್ನಷ್ಟು ಹುಣಸಿಹಣ್ಣ ಬೇಕೇನ್ರಿ?"